ಗಂಟಿನ ತುದಿ

ವಸಂತಮ್ಮನ ಬೆರಳಿಗೆ ಮೊದಲಿಂದಲೂ ಒಂದು ಚಾಳಿ. ಎಲ್ಲೇ ಒಂದು ಎಳೆ ಈಚೆಗೆ ಚಾಚಿಕೊಂಡಿದ್ದರೂ ಅದು ಸಹಿಸದು. ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದರೂ ಪಕ್ಕದವಳ ಸೆರಗು ಹಿಡಿದು, "ತಡಿಯವ್ವ, ಒಂದ್ ನಿಮಿಷ" ಅಂತ ಹಲ್ಲಲ್ಲೇ ಕಚ್ಚಿ ತುದಿ ತೆಗೆದುಬಿಡುವ ಹೆಂಗಸು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು, ಎಲ್ಲರೂ ನಗುತ್ತಾರೆ. ಗಂಡ ಚೌಡೇಶ ಮಗ್ಗದಿಂದ ಇಳಿಸಿದ ರೇಷ್ಮೆ ಸೀರೆಯನ್ನು ಮಡಿಲಿಗೆ ಹಾಕಿಕೊಂಡು, ಎಳೆ ಹರಿದು ಗಂಟು ಹಾಕಿ ಕೂಡಿಸಿದ ಕಡೆಯಲ್ಲೆಲ್ಲ ಮೀಸೆಯ ಹಾಗೆ ನಿಂತ ತುದಿಗಳನ್ನು ಸಣ್ಣ ಕತ್ತರಿಯಲ್ಲಿ ಸವರುವುದೇ ಅವಳ ಮೂವತ್ತು ವರ್ಷದ ಕೆಲಸ. ಅಂಗಡಿಯವರು ಅಂಗೈ ಆಡಿಸಿದರೆ ಒಂದು ತುದಿಯೂ ತಗಲಬಾರದು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವಳನ್ನು ಬೈಯಬೇಕು ಅನ್ನಿಸಿದಾಗ ಸ್ವಲ್ಪ ನಿಧಾನಿಸಬಹುದು.

ರೋಜಾ ಚೌಡೇಶನ ತಂಗಿ. ವಸಂತಮ್ಮ ಸೊಸೆಯಾಗಿ ಬಂದಾಗ ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದ ತಾಯಿಯಿಲ್ಲದ ಹುಡುಗಿ. ಅತ್ತಿಗೆಯ ಸೆರಗು ಹಿಡಿದುಕೊಂಡೇ ಬೆಳೆಯಿತು. ಸೇಲಂ ಕಡೆಯ ತಮ್ಮ ಕುಲದವರಿಗೇ ಮದುವೆ ಮಾಡಿ ಕೊಟ್ಟರು. ಗಂಡ ಮುತ್ತಯ್ಯನಿಗೆ ಸಿಂಗಪುರದ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಹೋದರು. ಅಲ್ಲಿ ರೋಜಾ ಒಂದು ಹೋಟೆಲಿನ ಅಡುಗೆಮನೆ ಸೇರಿ, ದೋಸೆಹಿಟ್ಟಿನ ಪಾತ್ರೆ ಎತ್ತಿ ಇಳಿಸಿ ಎತ್ತಿ ಇಳಿಸಿ, ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು ಬರಿಸಿಕೊಂಡಳು. ಹರ್ನಿಯಾ, ಕೊಯ್ಯಲೇಬೇಕು ಅಂದರು. ಆ ಊರಲ್ಲಿ ಕೊಯ್ಯಿಸುವ ಖರ್ಚಿನಲ್ಲಿ ವಿಮಾನ ಹತ್ತಿ ಬಂದು, ಮೈಸೂರಲ್ಲಿ ಕೊಯ್ಯಿಸಿ, ತವರಲ್ಲಿ ಒಂದು ತಿಂಗಳು ಮಲಗೆದ್ದು ಹೋದರೂ ದುಡ್ಡು ಉಳಿಯುತ್ತೆ. ಹಾಗಾಗಿ ಬಂದಳು.

ಬರುವಾಗ ಒಂದು ಇನ್ಶೂರೆನ್ಸ್ ಮಾಡಿಸಿಕೊಂಡೇ ಬಂದಿದ್ದಳು. ಆಪರೇಷನ್ನಿಗಲ್ಲ, ಆಪರೇಷನ್ ಕೆಟ್ಟರೆ ಅಂತ. ಕೀವಾದರೆ, ಹೊಲಿಗೆ ಬಿಟ್ಟರೆ, ಮತ್ತೆ ಕೊಯ್ಯಬೇಕಾಗಿ ಬಂದರೆ, ಮೂವತ್ತು ದಿನದವರೆಗೆ ಎಲ್ಲ ಖರ್ಚೂ ಕಂಪನಿಯದು. ಕೇಳಿದ್ದೇ ವಸಂತಮ್ಮನಿಗೆ ಸಿಟ್ಟು ಬಂತು.

"ಕೆಡ್ತದೆ ಅಂತ ಮೊದ್ಲೇ ದುಡ್ ಕಟ್ಬುಟ್ಟು ಬಂದಿದ್ದೀಯಲ್ಲೇ. ಒಳ್ಳೇದಾಗ್ಲಿ ಅನ್ನೋ ಮಾತು ಬಾಯಿಗೆ ಬರ್ನಿಲ್ವಾ?"

"ಕೆಡದಿರ್ಲಿ ಅಂತ್ಲೇ ಕಣತ್ಗೆ. ಕೊಡೆ ತಕಂಡೋದ ದಿನ ಮಳೆ ಬತ್ತದಾ? ಹಂಗೆ," ಅಂತ ರೋಜಾ ನಕ್ಕಳು.

ಪಾಲಿಸಿ ಇಂಗ್ಲಿಷಿನಲ್ಲಿತ್ತು. ವಸಂತಮ್ಮನ ಮಗಳು ಅಂಜನಾ, ಬಿ.ಕಾಂ. ಓದುವವಳು, ಬಿಡಿಸಿ ಹೇಳಿದಳು. ಗಾಯಕ್ಕೆ ಆಸ್ಪತ್ರೆಯವರು ಹೇಳಿಕೊಟ್ಟಷ್ಟು ಮಾತ್ರ ಮಾಡಬೇಕು. ಅದು ಬಿಟ್ಟು ಮನೆಯವರು ಇನ್ನೇನು ಮಾಡಿದರೂ ಪಾಲಿಸಿ ಅಲ್ಲಿಗೇ ಮುಗಿಯಿತು. ವಸಂತಮ್ಮ ಇದನ್ನು ಚೆನ್ನಾಗಿಯೇ ತಲೆಗೆ ಹಾಕಿಕೊಂಡಳು. ಮೈಸೂರಲ್ಲಿ ಆಪರೇಷನ್ ಮುಗಿಸಿ ಮನೆಗೆ ಕರೆತಂದ ಮೇಲೆ, ಎದುರುಮನೆ ಚನ್ನಾಜಮ್ಮ ಯಾವುದೋ ಸೊಪ್ಪು ಅರೆದು ಬಟ್ಟಲಲ್ಲಿ ತಂದಾಗ ಹೊಸ್ತಿಲಲ್ಲೇ ತಡೆದು, "ಇನ್ಶೂರೆನ್ಸ್‌ನವ್ರು ಒಪ್ಪಕಿಲ್ಲ ಕಣಕ್ಕ" ಅಂತ ವಾಪಸ್ಸು ಕಳಿಸಿದಳು. ಅರಿಶಿನ ಹಚ್ಚಲಿಲ್ಲ, ಕೊಬ್ಬರಿ ಎಣ್ಣೆ ಮುಟ್ಟಿಸಲಿಲ್ಲ. ಡಾಕ್ಟರು ಕೊಟ್ಟ ನೀರೌಷಧದಲ್ಲಿ ದಿನಕ್ಕೊಂದು ಸಲ ಒರೆಸುವುದು, ಗಾಳಿಗೆ ಒಣಗಲು ಬಿಡುವುದು, ಅಷ್ಟೇ. ಇಷ್ಟು ಹುಷಾರಾಗಿದ್ದವಳ ಕೈಯಲ್ಲೇ ಆಗಬೇಕೇ?

ಆಪರೇಷನ್ ಆಗಿ ಎಂಟನೆಯ ದಿನ. ಮಧ್ಯಾಹ್ನದ ಬಿಸಿಲು ನಡುಮನೆಯವರೆಗೆ ಬಂದಿತ್ತು. ಒಳಗೆ ಚೌಡೇಶನ ಮಗ್ಗದ ಸದ್ದು. ರೋಜಾ ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳಿಗೆ ತನ್ನ ಗಾಯ ತಾನು ನೋಡಲು ಭಯ.

"ಏನೋ ಚುಚ್ತದೆ ಅತ್ಗೆ. ಲಂಗದ ಲಾಡಿಗೆ ತಗುಲ್ಕತದೆ."

ವಸಂತಮ್ಮ ಬಗ್ಗಿ ನೋಡಿದಳು. ಏಳು ಹೊಲಿಗೆ. ಒಂದೊಂದರ ಗಂಟಿಗೂ ಎರಡೆರಡು ಕಪ್ಪು ತುದಿ, ಉದ್ದುದ್ದ, ಅಡ್ಡಾದಿಡ್ಡಿ. ಎಂಥ ಕೊಳಕು ಕೆಲಸ ಅನ್ನಿಸಿತು ಅವಳಿಗೆ. ಇಷ್ಟು ಓದಿದವರು ತುದಿ ಸವರದೆ ಹಾಗೇ ಬಿಟ್ಟಿದ್ದಾರಲ್ಲ. ಕತ್ತರಿ ಕೈಗೆ ಯಾವಾಗ ಬಂತೋ ಅವಳಿಗೇ ತಿಳಿಯದು. ಬಿಸಿನೀರಲ್ಲಿ ಅದ್ದಿ ಒರೆಸಿಕೊಂಡದ್ದು ಮಾತ್ರ ನೆನಪಿದೆ. ಎರಡು ಬೆರಳಲ್ಲಿ ಜೋಡಿ ತುದಿಯನ್ನು ಒಟ್ಟಿಗೇ ಮೆಲ್ಲಗೆ ಎತ್ತಿ, ಗಂಟಿನ ಬುಡಕ್ಕೇ ಕತ್ತರಿ ತಗಲಿಸಿ, ಏಳಕ್ಕೆ ಏಳನ್ನೂ ಸವರಿ, ಬೆರಳು ಆಡಿಸಿ ನೋಡಿದಳು. ನುಣ್ಣಗಾಗಿತ್ತು.

"ಈಗ?"

"ಹಾಯಾಗದೆ," ಅಂದಳು ರೋಜಾ, ಕಣ್ಣು ತೆಗೆಯದೆ.

ಅವತ್ತು ಎರಡು ತುತ್ತು ಹೆಚ್ಚೇ ಉಂಡಳು ವಸಂತಮ್ಮ.

ಹತ್ತನೆಯ ದಿನ ಬೆಳಿಗ್ಗೆ ಅಂಜನಾ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಳು. ಘಾಟು ಏರಿ ರೋಜಾಗೆ ಸೀನು ಬಂತು. ಒಂದಲ್ಲ, ಮೂರು. ಮೂರನೆಯದಕ್ಕೆ ಹೊಟ್ಟೆ ಹಿಡಿದು ಕೂತವಳು ಏಳಲಿಲ್ಲ. ನೋಡಿದರೆ ಲಂಗ ಒದ್ದೆ. ಗಾಯದ ಕೆಳತುದಿ ಬಾಯಿ ಬಿಟ್ಟಿತ್ತು, ತಿಳಿಯಾದ ಕೆಂಪುನೀರು ಇಳಿಯುತ್ತಿತ್ತು. ಮೂರು ಹೊಲಿಗೆ ಇರಲೇ ಇಲ್ಲ. ಒಂದು ದಾರ ಚಾಪೆಯ ಮೇಲೆ ಬಿದ್ದಿತ್ತು, ಗಂಟು ಬಿಚ್ಚಿಕೊಂಡು.

ವಸಂತಮ್ಮ ಅದನ್ನು ಬೆರಳಿಗೆ ತೆಗೆದುಕೊಂಡು ಹೊಸಕಿದಳು. ಇದು ರೇಷ್ಮೆಯಲ್ಲ. ರೇಷ್ಮೆಗೆ ಹಾಕಿದ ಗಂಟು ತನ್ನನ್ನು ತಾನೇ ಕಚ್ಚಿಕೊಳ್ಳುತ್ತೆ, ಬುಡಕ್ಕೆ ಸವರಿದರೂ ಬಿಡೋದಿಲ್ಲ. ಇದು ಮೀನು ಹಿಡಿಯುವ ಗಾಳದ ದಾರದ ಹಾಗೆ ಜಾರುತ್ತಿತ್ತು. ತುದಿ ಉದ್ದ ಬಿಟ್ಟದ್ದು ಗಂಟು ಜಾರದಿರಲಿ ಅಂತ. ಅವಳಿಗೆ ಅದು ಈಗ ಅರ್ಥವಾಯಿತು.

ಅಂಜನಾ ಇನ್ಶೂರೆನ್ಸ್‌ನವರಿಗೆ ಫೋನ್ ಹಚ್ಚಿದಳು. ಆ ಕಡೆಯ ಹೆಂಗಸು, ಕೂಡಲೇ ಆಸ್ಪತ್ರೆಗೆ ಹೋಗಿ, ಖರ್ಚಿನ ಯೋಚನೆ ಬೇಡ ಅಂದಳು. ಕೊನೆಗೆ ಒಂದು ಪ್ರಶ್ನೆ: ಮನೆಯಲ್ಲಿ ಯಾರಾದರೂ ಗಾಯಕ್ಕೆ ಏನಾದರೂ ಮಾಡಿದ್ದೀರಾ?

"ಇಲ್ಲ ಮೇಡಂ, ನಮ್ಮಮ್ಮ ಸೊಪ್ಪು ಸಹ ಹಚ್ಚಕ್ಕೆ ಬಿಟ್ಟಿಲ್ಲ," ಅಂದಳು ಅಂಜನಾ ಹೆಮ್ಮೆಯಿಂದ.

ವಸಂತಮ್ಮ ಕೈಯಲ್ಲಿದ್ದ ದಾರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಚೌಡೇಶ ಸೀರೆ ಕೊಡಲು ಯಳಂದೂರಿಗೆ ಹೋಗಿದ್ದ. ಪಕ್ಕದ ಬೀದಿಯ ಸ್ವಾಮಿಯ ಬಾಡಿಗೆ ಕಾರಲ್ಲಿ ಹೆಂಗಸರೇ ಮೂವರು ಮೈಸೂರಿಗೆ ಹೊರಟರು. ಹೊಳೆ ದಾಟುವಷ್ಟರಲ್ಲಿ, ಸುದ್ದಿ ತಿಳಿದ ಚೌಡೇಶನ ಫೋನು. ಅವನ ಗಂಟಲು ಕಾರಿನ ತುಂಬ ಕೇಳುತ್ತಿತ್ತು. "ಯಾವನ್ ಮಾಡಿದ್ದು ಇದ? ಆ ಡಾಕ್ಟ್ರಾ, ನರ್ಸಾ? ನನ್ ತಂಗಿ ಹೊಟ್ಟೆ ಮ್ಯಾಲೆ ಕೈ ಇಟ್ಟೋರ ಕೈ ಮುರೀದೆ ಬುಡಕಿಲ್ಲ ನಾನು." ಅಂಜನಾ ಸಮಾಧಾನ ಹೇಳಿ ಇಟ್ಟಳು. ರೋಜಾ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದಳು. ಹಣೆ ಮುಟ್ಟಿದರೆ ಬೆಚ್ಚಗಿತ್ತು, ಜ್ವರವೋ ಬಿಸಿಲೋ ತಿಳಿಯಲಿಲ್ಲ.

ನರಸೀಪುರ ಬರುವ ತನಕ ವಸಂತಮ್ಮ ಒಂದೇ ಲೆಕ್ಕ ಹಾಕುತ್ತಿದ್ದಳು. ಬಾಯಿ ಬಿಟ್ಟರೆ ಪಾಲಿಸಿ ಹೋಯಿತು. ಇನ್ನು ಇಪ್ಪತ್ತು ದಿನ ಏನೇ ಆದರೂ ರೋಜಾಳ ಪಾಲಿಗೆ ಯಾರೂ ಇಲ್ಲ. ಗಂಡನ ಮುಖ ಹೇಗೆ ನೋಡುವುದು? ಮುತ್ತಯ್ಯ ಏನಂದಾನು? ಬಾಯಿ ಮುಚ್ಚಿಕೊಂಡರೆ ಯಾರಿಗೂ ನಷ್ಟವಿಲ್ಲ, ಕಂಪನಿಯವರು ಕೊಡುತ್ತಾರೆ, ಡಾಕ್ಟರು ಮತ್ತೆ ಮೂರು ಹೊಲಿಗೆ ಹಾಕುತ್ತಾರೆ. ಹೌದು, ಸುಮ್ಮನಿರುವುದೇ ಸರಿ. ತಾಯಿ ಚೌಡವ್ವ, ನನ್ನ ಬಾಯಿಗೆ ಬೀಗ ಹಾಕು ಅಂತ ಮನೆದೇವರನ್ನು ಬೇಡಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಗುರುಪ್ರಕಾಶ್ ಗಾಯ ನೋಡಿದರು, ಸ್ಕ್ಯಾನ್ ಮಾಡಿಸಿದರು, ಮತ್ತೆ ಬಂದು ನೋಡಿದರು. ಮಾತು ಕಡಿಮೆಯ ಮನುಷ್ಯ. ಮುಖ ಗಂಟಿಕ್ಕಿತ್ತು.

"ಒಳಗೆ ಸ್ವಲ್ಪ ನೀರು ತುಂಬಿದೆ. ಹರ್ನಿಯಾ ಮತ್ತೆ ಉಬ್ಬದ ಹಾಗೆ ನಾವು ಒಳಗೆ ಒಂದು ಬಲೆ ಇಟ್ಟು ಹೊಲಿದಿದ್ದೀವಿ, ನಿಮಗೆ ಹೇಳಿದ್ದೆ. ಆ ಬಲೆಗೆ ಸೋಂಕಾಗಿ, ಒಳಗಿಂದ ಒತ್ತಿ ಹೊಲಿಗೆ ಬಿಟ್ಟಿದ್ದರೆ ಸುಮ್ಮನಿರೋ ಹಾಗಿಲ್ಲ. ಗಾಯ ಪೂರ್ತಿ ಬಿಚ್ಚಿ, ಬಲೆ ಈಚೆಗೆ ತೆಗೀಬೇಕು. ಮೊದಲಿನದಕ್ಕಿಂತ ದೊಡ್ಡ ಆಪರೇಷನ್. ಸುಮ್ಮಸುಮ್ಮನೆ ಮೂರು ಗಂಟು ಒಟ್ಟಿಗೆ ಬಿಡೋದಿಲ್ಲವಲ್ಲ?"

ವಸಂತಮ್ಮ ಗೋಡೆಗೆ ಒರಗಿದಳು. ಮೂರು ಹೊಲಿಗೆಗೆ ಮುಗಿಯುತ್ತೆ ಅಂದುಕೊಂಡ ಲೆಕ್ಕ ಎಲ್ಲಿ ಹೋಯಿತು?

ಡಾಕ್ಟರು ಉಳಿದ ನಾಲ್ಕು ಗಂಟುಗಳ ಮೇಲೆ ದೀಪ ಹಿಡಿದರು. "ಇವುಗಳ ತುದಿ ಯಾಕೆ ಇಷ್ಟು ಗಿಡ್ಡ ಇವೆ? ಮನೇಲಿ ಯಾರಾದರೂ ಮುಟ್ಟಿದ್ರಾ ಅಮ್ಮಾ?"

"ಇಲ್ಲ ಸಾ," ಅಂದಳು ರೋಜಾ, ಅವರು ಕೇಳಿ ಮುಗಿಸುವ ಮೊದಲೇ. "ನಮ್ ಅತ್ಗೆ ಒಬ್ರೇ ಒರೆಸ್ತಿದ್ದದ್ದು. ನೀವ್ ಹೇಳಿದ್ ಹಂಗೇ."

"ಹಾಗಾದ್ರೆ ತೆಗೀಲೇಬೇಕು. ಇನ್ಶೂರೆನ್ಸ್ ಇದೆಯಲ್ಲ, ಖರ್ಚಿಗೆ ಯೋಚನೆ ಇಲ್ಲ. ಸಿಸ್ಟರ್, ಥಿಯೇಟರ್ ರೆಡಿ ಮಾಡ್ಸಿ."

ಸಿಸ್ಟರ್ ಯಶೋದ ಒಂದು ಫಾರಂ ತಂದು ಪಾಲಿಸಿ ನಂಬರು ಬರೆದುಕೊಂಡಳು. ರೋಜಾ ಸಹಿ ಹಾಕಲು ಪೆನ್ನು ಹಿಡಿದಳು. ಇನ್ನೊಂದು ಕೈ ಗಾಯದ ಮೇಲೇ ಇತ್ತು. ಆ ಕೈ ನೋಡಿದ ಮೇಲೆ ವಸಂತಮ್ಮನಿಗೆ ಕಂಪನಿಯೂ ಕಾಣಲಿಲ್ಲ, ಗಂಡನೂ ಕಾಣಲಿಲ್ಲ.

"ನಾನ್ ಕತ್ತರಿಸ್ದೆ," ಅಂದಳು.

ಎಲ್ಲರೂ ತಿರುಗಿದರು.

"ನಾನೇ ಸಾ. ಎಂಟ್ನೇ ದಿನ. ಸೀರೆ ತುದಿ ಸವರೋ ಕತ್ರೀಲಿ ಏಳ್ನೂ ಬುಡಕ್ಕೆ ಸವರ್ಬುಟ್ಟೆ. ಚುಚ್ತದೆ ಅಂದ್ಲು. ನಮ್ಗೆ ರೇಷ್ಮೆ ಒಂದೇ ಗೊತ್ತಿರೋದು. ಒಳ್ಗಡೆಯಿಂದ ಏನೂ ಒತ್ತಿಲ್ಲ, ನನ್ ಕೈಯಿಂದ್ಲೇ ಆಗಿದ್ದು. ಅವ್ಳ ಹೊಟ್ಟೆ ಕುಯ್ಬೇಡಿ ಸಾ." ಇಷ್ಟು ಹೇಳುವಷ್ಟರಲ್ಲಿ ಅಳು ಕಿತ್ತುಕೊಂಡು ಬಂತು. ಅಂಜನಾ, "ಅಮ್ಮಾ," ಅಂತ ಅವಳ ತೋಳು ಹಿಡಿದುಕೊಂಡಳು.

ಡಾಕ್ಟರು ಬೈಯುತ್ತಾರೆ ಅಂತ ವಸಂತಮ್ಮ ತಲೆ ತಗ್ಗಿಸಿ ಕಾದಳು. ಅವರು ಬೈಯಲಿಲ್ಲ, ಮತ್ತೆ ಬಗ್ಗಿ ಆ ನಾಲ್ಕು ಗಂಟುಗಳನ್ನು ಒಂದೊಂದಾಗಿ ನೋಡಿದರು.

"ಇದನ್ನ ಬಂದ ತಕ್ಷಣ ಹೇಳಬೇಕಿತ್ತು. ಹೊರಗಿನ ಹೊಲಿಗೆ ಮಾತ್ರ ಬಿಟ್ಟಿದ್ದರೆ ಥಿಯೇಟರ್ ಬೇಡ. ಇಲ್ಲೇ ತೊಳೆದು ಮತ್ತೆ ಹೊಲೀತೀನಿ, ಔಷಧಿ ಕೊಟ್ಟು ಎರಡು ದಿನ ಇಲ್ಲೇ ಇಟ್ಟುಕೊಂಡು ನೋಡೋಣ. ಜ್ವರ ಇಳಿದರೆ ಗೆದ್ದ ಹಾಗೆ. ಇಳೀದಿದ್ದರೆ ಆಗ ಬೇರೆ ಮಾತು." ಆಮೇಲೆ ರೋಜಾಳ ಕಡೆ ತಿರುಗಿದರು. "ಆದರೆ ನಡೆದದ್ದನ್ನ ನಾನು ಬರೀಲೇಬೇಕು. ಬರೆದರೆ ಇನ್ಶೂರೆನ್ಸ್ ಸಿಗೋದಿಲ್ಲ. ಇವತ್ತಿನದಕ್ಕೂ ಇಲ್ಲ, ಮುಂದಿನದಕ್ಕೂ ಇಲ್ಲ."

"ಬರೀರಿ ಸಾ," ಅಂದಳು ರೋಜಾ.

ಡಾಕ್ಟರು ಕೈ ತೊಳೆಯಲು ಹೋದರು. ವಸಂತಮ್ಮ ಮಂಚದ ಹತ್ತಿರ ಹೋಗಲೋ ಬೇಡವೋ ಅಂತ ನಿಂತಿದ್ದಳು. ರೋಜಾಳೇ ಕೈ ಚಾಚಿದಳು.

"ನಂಗೊತ್ತಿತ್ತು ಅತ್ಗೆ."

"ಏನ್ ಗೊತ್ತಿತ್ತು?"

"ನಾನೂ ಮಗ್ಗದ ಮನೇಲೇ ಹುಟ್ಟಿದ್ದಲ್ವಾ. ಕಣ್ ಮುಚ್ಚಿದ್ರೇನು, ಕತ್ರಿ ಸದ್ದು ಕೇಳಕಿಲ್ವಾ? ಏಳು ಸಲ ಬಂತು, ಎಣಿಸ್ದೆ."

ವಸಂತಮ್ಮನಿಗೆ ಅಳು ನಿಂತು ಕೋಪ ಬಂತು. "ಗೊತ್ತಿದ್ದೂ ಮುಟ್ಟಿಲ್ಲ ಅಂದ್ಯಾ? ಹೊಟ್ಟೆ ಕುಯ್ಸ್ಕಳಕ್ಕೆ ಪೆನ್ ಹಿಡ್ಕಂಡ್ಯಲ್ಲೇ ರೋಜಾ, ಸತ್ತೋಗಿದ್ರೆ ಏನ್ ಮಾಡ್ತಿದ್ದೆ?"

"ಕಾರಲ್ಲಿ ಅಣ್ಣನ್ ಮಾತು ಕೇಳಿಸ್ನಿಲ್ವಾ ನಿಂಗೆ? ಹೊಟ್ಟೆ ಇವತ್ತಲ್ಲ ನಾಳೆ ಮಾಯ್ತದೆ. ನೀನು ಅಣ್ಣ ಮುಖ ಮುರ್ಕಂಡ್ರೆ ನಾನ್ ಯಾವ್ ತವರಿಗೆ ಬರ್ಲಿ?"

ಮೂವತ್ತು ದಿನ ತುಂಬಲು ಇನ್ನೂ ಇಪ್ಪತ್ತು ದಿನ ಇತ್ತು. ಜ್ವರ ಇಳಿಯುತ್ತೋ ಏರುತ್ತೋ, ಬಲೆ ಉಳಿಯುತ್ತೋ ಹೋಗುತ್ತೋ, ಸಂಜೆಗೆ ಚೌಡೇಶ ಬಂದು ಏನು ಮಾಡುತ್ತಾನೋ, ಒಂದೂ ಗೊತ್ತಿರಲಿಲ್ಲ. ವಸಂತಮ್ಮ ನಾದಿನಿಯ ಕೈಯನ್ನು ಮಾತ್ರ ಬಿಡದೆ ಹಿಡಿದುಕೊಂಡಳು.

ಸಿಸ್ಟರ್ ಯಶೋದ ಹೊಸ ಫಾರಂ ತಂದಳು. ಹಳೆಯದರಲ್ಲಿ ಪಾಲಿಸಿ ನಂಬರು ಬರೆದಿದ್ದ ಜಾಗ ಇದರಲ್ಲಿ ಖಾಲಿಯಿತ್ತು.

"ಪೇಷಂಟಿಗೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರ್ದು ಅಂತ ಬರೀಬೇಕಮ್ಮ. ಗಂಡನ ಹೆಸರು ಬರೀಲಾ? ಅಣ್ಣಂದಾ?"

"ಅತ್ಗೆದು ಬರ್ಕಳಿ," ಅಂದಳು ರೋಜಾ. "ವಸಂತಮ್ಮ."

ವಸಂತಮ್ಮ ಪೆನ್ನು ತೆಗೆದುಕೊಂಡು, ತನ್ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದು, ಸಹಿ ಹಾಕಿದಳು.