ಲಾಳಿಗೆ ಬಾಯಿ ಹಚ್ಚುವ ಮುನ್ನ

ಇಳಕಲ್ಲಿನ ನೇಕಾರ ಓಣಿಯ ಚರಿತ್ರೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡಬೇಕಾದ ಸಂಗತಿ ಇದು: ೧೯೭೯ರ ಬೇಸಿಗೆಯ ಒಂದು ಮುಂಜಾನೆ ಪಾಂಡಪ್ಪನ ಹೋಟೆಲಿನಲ್ಲಿ ಚಹಾ ಸಿಗಲಿಲ್ಲ.

ದಿಲ್ಲಿಯಲ್ಲಿ ಸರಕಾರ ಬದಲಾದಾಗಲೂ ಆರದ ಒಲೆ ಅದು. ಈಗ ಬಾಗಿಲಿಗೆ ಬೀಗ, ಬೀಗದ ಮೇಲೆ ಅಂಟಿಸಿದ ಹುಕುಂ, ಅದರ ಕೆಳಗೆ ತಲೆಯ ಮೇಲೆ ಕೈ ಹೊತ್ತು ಕುಳಿತ ಪಾಂಡಪ್ಪ.

"ಏನಲೇ ಪಾಂಡ್ಯಾ, ಹೆಂಡ್ತಿ ತವರಿಗಿ ಹೋದ್ಲೇನು?" ದಿನದ ಮೊದಲ ಚಹಾಕ್ಕೆ ಬಂದ ರಾಚಪ್ಪ ಕೇಳಿದ.

"ಹೋಗಿದ್ರ ಎರಡು ಕಪ್ ಜಾಸ್ತಿನ ಕಾಸ್ತಿದ್ದೆ ಯಣ್ಣಾ. ಊರಾಗ ವಾಂತಿ-ಭೇದಿ ಹಬ್ಬೇತಂತ. ಹೋಟ್ಲ ಬಂದ್, ಸಂತಿ ಬಂದ್, ಲಗ್ನದ ಊಟ ಬಂದ್. ಇನ್ನ ಉಸರಾಡೂದೊಂದು ಉಳದೈತಿ."

"ಬಂದ್ ಮಾಡಾವ್ರ ಪಗಾರ ಮಾತ್ರ ಬಂದ್ ಆಗೂದಿಲ್ಲ ನೋಡು," ಎಂದು ರಾಚಪ್ಪ ಒಣ ಬಾಯಲ್ಲೇ ಮನೆಗೆ ತಿರುಗಿದ.

ಅವನ ಸಿಟ್ಟಿಗೆ ಕಾರಣ ಚಹಾ ಒಂದೇ ಅಲ್ಲ. ಅವನ ಮನೆಯ ಪಡಸಾಲೆಯಲ್ಲಿ ಆರು ಕುಣಿಮಗ್ಗಗಳಿದ್ದವು. ಆರು ಮಂದಿ ಬಂದು ನೇಯ್ದರೆ ಸಂಜೆಗೆ ಆರು ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು. ಬಾಗಲಕೋಟೆಯ ಅಂಗಡಿಯೊಂದು ಲಗ್ನದ ಸೀರೆಗಳನ್ನು ನೇಯಲು ಹೇಳಿತ್ತು. ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಆ ಗಿರಾಕಿ ಮಿಲ್ಲಿನ ಸೀರೆಯ ಕಡೆ ಹೋಗುತ್ತಾನೆ. ಹಾಗೆ ಹೋದವರು ಮರಳಿದ್ದನ್ನು ರಾಚಪ್ಪ ಕಂಡಿರಲಿಲ್ಲ. ಅಂಥದ್ದರಲ್ಲಿ ನೇಕಾರ ದೇವಪ್ಪ ವಾಂತಿ-ಭೇದಿಯಾಗಿ ದವಾಖಾನಿ ಸೇರಿದ್ದ. ಇವತ್ತು ಸುಭಾನಸಾಬನೂ ಬಂದಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕಳಿಸಿದ್ದ.

"ಅವ್ರ ಮಗ್ಗ ನಾನ ಹೂಡ್ತೇನಿ," ಎಂದು ರಾಚಪ್ಪ ಸುಭಾನಸಾಬನ ಕುಣಿಗೆ ಕಾಲು ಇಳಿಬಿಟ್ಟು ಕುಳಿತ. ಬಾಗಿಲಲ್ಲಿ ನೆರಳು ಬಿದ್ದದ್ದು ಆಗಲೇ. ದವಾಖಾನಿಯ ನರ್ಸ್ ಬನಶಂಕರಿ, ಹೆಗಲಿಗೆ ಚೀಲ, ಬಿಸಿಲಿಗೆ ಕೆಂಪಾದ ಮುಖ.

"ಕಾಕಾ, ಮಂದಿ ಕೂಡಿ ಕುಂದ್ರೂ ಕೆಲಸ ಒಂದೀಟು ದಿನ ನಿಲ್ಲಸ್ರಿ. ದೇವಪ್ಪಗ ಬಂದಿದ್ದು ಕಾಲರಾ. ಆಚಿ ಓಣ್ಯಾಗ ನಿನ್ನೆ ಒಬ್ಬ ಬಾಣಂತಿ ತೀರಿಕೊಂಡ್ಲು."

"ಪಾಪ," ಎಂದ ರಾಚಪ್ಪ. ಮನಸಾರೆಯೇ ಅಂದ. ಕೈ ಮಾತ್ರ ನಿಲ್ಲಲಿಲ್ಲ. "ಆದ್ರ ಬಾಯಾರ, ಕಾಲರಾ ಅನ್ನೂದು ನೀರಾಗಿಂದು, ಹೊಲಸಾಗಿಂದು. ನನ್ನ ಪಡಸಾಲಿ ನೋಡ್ರಿ, ತುಪ್ಪ ಬಿದ್ರ ಬಳಕೊಂಡು ಹೋಳಿಗಿಗಿ ಹಚ್ಚಬೇಕು, ಅಷ್ಟು ಸ್ವಚ್ಛ. ಇಲ್ಲಿ ನೂಲು ಬಿಟ್ರ ಮತ್ತೇನೂ ಒಬ್ಬರಿಂದ ಒಬ್ಬರಿಗಿ ಹೋಗೂದಿಲ್ಲ."

ಅಷ್ಟರಲ್ಲಿ ಲಾಳಿಯೊಳಗಿನ ಕಂಡಿಕೆಗೆ ಸುತ್ತಿದ್ದ ನೂಲು ತೀರಿತು. ಅವನು ಲಾಳಿಯಲ್ಲಿ ಹೊಸ ಕಂಡಿಕೆ ಇಟ್ಟ. ಲಾಳಿಯ ಸಣ್ಣ ತೂತಿಗೆ ಬಾಯಿ ಹಚ್ಚಿ ಉಸಿರೆಳೆದರೆ ನೂಲಿನ ತುದಿ ಹೊರಗೆ ಬರುತ್ತದೆ. ಅಜ್ಜ ಹಾಗೆ ಎಳೆದ, ಅಪ್ಪ ಹಾಗೆ ಎಳೆದ. ದಿನಕ್ಕೆ ಎಷ್ಟು ಸಲ ಎಳೆಯುತ್ತಾರೆಂದು ಯಾವ ನೇಕಾರನೂ ಲೆಕ್ಕ ಇಟ್ಟಿಲ್ಲ. ಉಸಿರಾಟದ ಲೆಕ್ಕ ಯಾರು ಇಡುತ್ತಾರೆ?

ಪಕ್ಕದ ಮಗ್ಗದವನು ಆಗಷ್ಟೇ ತನ್ನ ಲಾಳಿಗೆ ಬಾಯಿ ಹಚ್ಚಿ ತೆಗೆದಿದ್ದ. ಬನಶಂಕರಿ ಕಣ್ಣರಳಿಸಿ ನೋಡುತ್ತಿದ್ದಳು.

"ಕಾಕಾ, ಅದೇನು, ಲಾಳಿಗಿ ಮುತ್ತು ಕೊಡ್ತಾರೇನು?"

ಮಗ್ಗದವರೆಲ್ಲ ನಕ್ಕರು. "ಮನ್ಯಾಗ ಹೆಂಡ್ತಿ ಬೈತಾಳ್ರಿ, ಲಾಳಿ ಬೈಯೂದಿಲ್ಲ!" ಎಂದ ಒಬ್ಬ.

ಅವಳೂ ನಕ್ಕಳು. ನಗು ನಿಲ್ಲುವ ಮೊದಲೇ ಕೇಳಿದಳು: "ಒಬ್ಬೊಬ್ಬರ ಲಾಳಿ ಒಬ್ಬೊಬ್ಬರದನ ಏನು?"

"ಕೈಗಿ ಸಿಕ್ಕಿದ್ದು," ಎನ್ನುತ್ತ ರಾಚಪ್ಪ ಲಾಳಿಯನ್ನು ತುಟಿಯ ಹತ್ತಿರ ತಂದ.

ಮತ್ತು ಅದನ್ನು ಗುರುತಿಸಿದ.

ಆ ಲಾಳಿಯ ಒಂದು ತುದಿ ಕಿತ್ತುಹೋಗಿತ್ತು. ಅದು ದೇವಪ್ಪನ ಲಾಳಿ. ನುಣ್ಣಗೆ ಓಡುತ್ತದೆಂದು ಸುಭಾನಸಾಬನಿಗೆ ಅದರ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ದೇವಪ್ಪ ಹಾಸಿಗೆ ಹಿಡಿದ ದಿನ, "ತಗೋ ಮಾರಾಯಾ, ಇನ್ನ ನೀನ ಓಡಸು," ಎಂದು ರಾಚಪ್ಪನೇ ಎತ್ತಿ ಕೊಟ್ಟಿದ್ದ. ದೇವಪ್ಪನ ಕೈ, ದೇವಪ್ಪನ ಬಾಯಿ. ಸುಭಾನಸಾಬನ ಕೈ, ಸುಭಾನಸಾಬನ ಬಾಯಿ. ಈಗ ತನ್ನ ಕೈ, ಇನ್ನೇನು ತನ್ನ ಬಾಯಿ.

ಬನಶಂಕರಿಯ ಕಣ್ಣೂ ಆ ಲಾಳಿಯ ಮೇಲೇ ಇತ್ತು.

ರಾಚಪ್ಪ ಲಾಳಿಯನ್ನು ಮೆಲ್ಲಗೆ ಕೆಳಗಿಟ್ಟ. "ಮಗ್ಗ ನಿಲ್ಲಸ್ರಿ," ಎಂದ.

ಒಂದೊಂದಾಗಿ ನಿಂತವು. ಮಾತು ಗೋಡೆ ದಾಟಿ ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಎದುರು ಮನೆಗೆ. ಕೆರೆಯ ನೀರು ಹಿಂದೆ ಸರಿದಂತೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸದ್ದು ಹಿಂದೆ ಸರಿಯಿತು. ಕೊನೆಯ ಮಗ್ಗ ಎಲ್ಲೋ ದೂರದಲ್ಲಿ ಎರಡು ಸಲ ಕುಟ್ಟಿ ಸುಮ್ಮನಾಯಿತು.

ರಾಚಪ್ಪ ಮಗ್ಗದ ಸದ್ದಿನಲ್ಲೇ ಹುಟ್ಟಿದವನು. ತನ್ನ ಮನೆ ಹೇಗೆ ಸುಮ್ಮನಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಈಗ ಜಂತಿಯ ಮೇಲೆ ಪಾರಿವಾಳ ರೆಕ್ಕೆ ಸರಿಪಡಿಸಿಕೊಂಡದ್ದು ಕೇಳಿಸಿತು. ಅಡಿಗೆಮನೆಯ ಮಣ್ಣಿನ ಹರವಿಯಿಂದ ನೀರು ತೊಟ್ಟಿಕ್ಕುವುದು, ಬಸ್‌ಸ್ಟ್ಯಾಂಡಿನ ಹಾರ್ನು, ಅದರಾಚೆಗೆ ಕಲ್ಲಿನ ಖಣಿಯಲ್ಲಿ ಯಾರೋ ಉಳಿ ಹೊಡೆಯುವುದು. ಮೂರು ಮನೆಗಳಾಚೆ ಸುಭಾನಸಾಬ ನರಳುವುದು. ಅದು ಬೆಳಗಿನಿಂದ ಇದ್ದೇ ಇರಬೇಕು. ಇಷ್ಟು ಹೊತ್ತು ಯಾರ ಕಿವಿಗೂ ಬಿದ್ದಿರಲಿಲ್ಲ. ಬಾಗಿಲಿಗೆ ಬಂದ ಹೆಂಗಸರು, ಮಕ್ಕಳು, ಚಹಾ ಇಲ್ಲದ ಪಾಂಡಪ್ಪ, ಎಲ್ಲರೂ ಗುಡಿಯೊಳಗೆ ನಿಂತವರ ಹಾಗೆ ನಿಂತಿದ್ದರು.

ಬನಶಂಕರಿ ಆ ನರಳುವ ಕಡೆಗೆ ಓಡಿದಳು. ಅವಳ ಹಿಂದೆ ರಾಚಪ್ಪ. ಕುದಿಸಿ ಆರಿಸಿದ ಒಂದು ದೊಡ್ಡ ತಂಬಿಗೆ ನೀರು, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಸಕ್ಕರೆ. "ಗುಟುಕು ಗುಟುಕು ಕುಡಸ್ರಿ, ವಾಂತಿ ಮಾಡಿದ್ರೂ ಬಿಡಬ್ಯಾಡ್ರಿ," ಎನ್ನುತ್ತಲೇ ಅವಳು ಸುಭಾನಸಾಬನನ್ನು ಚಕ್ಕಡಿಯಲ್ಲಿ ದವಾಖಾನಿಗೆ ಸಾಗಿಸಿದಳು.

ಸಂಜೆ ಅವಳು ಮರಳಿ ಬಂದಾಗ ರಾಚಪ್ಪನ ಹೆಂಡತಿ ಗುರುಸಿದ್ದವ್ವ ಬಾಗಿಲಲ್ಲೇ ತಡೆದಳು.

"ಬಾಯಾರ, ಬ್ಯಾನಿಯಿಂದ ಸಾಯಬ್ಯಾಡ್ರಿ, ಹಸ್ತು ಸಾಯ್ರಿ ಅಂತ ಹೇಳಾಕ ಬಂದೀರೇನು?"

ಬನಶಂಕರಿ ಹೆಗಲಿನ ಚೀಲ ಇಳಿಸಿದಳು. "ಖರೆ ಕೇಳಿದ್ರಿ ಅವ್ವಾ. ಹಸಿವಿಗಿ ನನ್ನ ಚೀಲದಾಗ ಗುಳಿಗಿ ಇಲ್ಲ."

ಆ ಉತ್ತರ ಗುರುಸಿದ್ದವ್ವನಿಗೆ ಹಿಡಿಸಿತು. ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಹಂಗಾರ ಎಲ್ಲಾ ಕೂಡಿ ಚೆಲ್ಲೂದು ಬ್ಯಾಡ. ಕಲ್ಲು ಯಾವುದು, ಕಾಳು ಯಾವುದು, ಆರಸೋಣು. ಹತ್ತು ಮಂದಿ ಒಂದ ಪಡಸಾಲ್ಯಾಗ ಕೂಡೂದು?"

"ಕಲ್ಲು."

"ತಮ್ಮ ತಮ್ಮ ಮನ್ಯಾಗ ಕಂಡಿಕಿ ಸುತ್ತೂದು? ಸೆರಗಿಗಿ ಕುಚ್ಚು ಕಟ್ಟೂದು?"

"ಕೈ ಸಾಬಾಣಲೆ ತೊಳಕೊಂಡು ಮಾಡಿದ್ರ ಕಾಳು. ಮೈ ಸರಿ ಇಲ್ಲದವ್ರು ಮುಟ್ಟಬಾರದು."

"ಲಾಳಿಗಿ ಬಾಯಿ?"

ಅದಕ್ಕೆ ರಾಚಪ್ಪನೇ ಉತ್ತರ ಕೊಟ್ಟ. ಮುರಿದ ಕೊಡೆಯ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ, ಕುದಿನೀರಲ್ಲಿ ತೊಳೆದ ಲಾಳಿಯ ತೂತಿಗೆ ಹಾಕಿ ನೂಲು ಎಳೆದು ತೋರಿಸಿದ. ನಾಲ್ಕು ಸಲ ತಪ್ಪಿತು, ಐದನೆಯ ಸಲ ಬಂತು. "ಬಾಯಿಲೆ ಎಳಿಯೂದು ಲಗೂನ ಆಗತೈತಿ, ಸುಳ್ಳ್ಯಾಕ ಹೇಳಲಿ," ಎಂದು ಗೊಣಗಿದ.

ಗುರುಸಿದ್ದವ್ವ ಮತ್ತೇನೂ ಕೇಳಲಿಲ್ಲ. ಅಂಗಳದ ಹಗೇವಿನ ಬಾಯಿ ತೆಗೆಸಿದಳು. ನೆಲದೊಳಗೆ ಕೂಡಿಟ್ಟ ವರ್ಷದ ಜೋಳ ಅದು. ಆರು ಮನೆಗೂ ಅಳೆದಳು, ಏಳನೆಯದಾಗಿ ಪಾಂಡಪ್ಪನಿಗೂ. "ನಂದೇನು ಮಗ್ಗ ಇಲ್ಲವಲ್ಲ ಯಕ್ಕಾ," ಎಂದ ಅವನು. "ಹೊಟ್ಟಿ ಐತೆಲ್ಲ, ಸೆರಗ ಒಡ್ಡು ಬಾಡ್ಯಾ," ಎಂದಳು ಅವಳು. ಅವನು ಧೋತರದ ಸೆರಗನ್ನೇ ಒಡ್ಡಿದ.

ಬಾಗಲಕೋಟೆಯ ಅಂಗಡಿಯವನಿಗೆ ರಾಚಪ್ಪ ಇದ್ದದ್ದನ್ನು ಇದ್ದಂತೆ ಹೇಳಿ ಕಳಿಸಿದ. ಅಲ್ಲಿಯೂ ಎಷ್ಟೋ ಲಗ್ನಗಳು ಮುಂದೆ ಹೋಗಿದ್ದವು. ಅಂಗಡಿಯವನು ಕೆಲವು ಸೀರೆಗೆ ಕಾದ, ಕೆಲವಕ್ಕೆ ಕಾಯಲಿಲ್ಲ.

ಕೇಳುತ್ತಿರುವ ಅಕ್ಕ-ಅಣ್ಣಂದಿರೇ, ನಿಮ್ಮ ಊರಿನಲ್ಲಿ ಬೇನೆ ಹಬ್ಬಿದಾಗ ಕೆಲಸ ನಿಲ್ಲಿಸಿರೆಂದು ಯಾರಾದರೂ ಬಂದರೆ ಸಿಟ್ಟು ಬರುತ್ತದೆ. ಬರಲಿ. ಸಿಟ್ಟು ಇಳಿದ ಮೇಲೆ ಕೂಡಿ ಕುಳಿತು ಆರಿಸಿ: ಬೇನೆ ಹಬ್ಬಿಸುವ ಕೆಲಸ ಯಾವುದು, ಹಬ್ಬಿಸದೆ ಹೊಟ್ಟೆ ಹೊರೆಯುವ ಕೆಲಸ ಯಾವುದು. ಮೊದಲನೆಯದನ್ನು ನಿಲ್ಲಿಸಿ. ಕೆಲಸ ನಿಂತವರ ಮನೆಯ ಒಲೆ ಹೊತ್ತಿದೆಯೇ ಎಂದು ಹೋಗಿ ನೋಡಿ. ನೀರು ಕುದಿಸಿ ಕುಡಿಯಿರಿ, ಕೈ ತೊಳೆಯಿರಿ, ವಾಂತಿ-ಭೇದಿಯಾದರೆ ಉಪ್ಪು-ಸಕ್ಕರೆ ನೀರು ಕುಡಿಸುತ್ತ ದವಾಖಾನಿಗೆ ಒಯ್ಯಿರಿ. ನಿಮ್ಮ ಕಸುಬಿನಲ್ಲೂ ಒಂದು ಲಾಳಿ ಇರುತ್ತದೆ, ಬಾಯಿ ಹಚ್ಚುವ ಮುನ್ನ ಒಮ್ಮೆ ನೋಡಿ.

ರಾಚಪ್ಪನ ಅರ್ಧದಷ್ಟು ಸೀರೆಗಳ ಕೆಲಸ ಮಿಲ್ಲಿಗೆ ಹೋಯಿತು, ಮರಳಿ ಬರಲಿಲ್ಲ. ಬೇನೆ ಇಳಿದ ಮೇಲೆ ದೇವಪ್ಪ, ಸುಭಾನಸಾಬ ಸೇರಿ ಆರು ಮಂದಿ ನೇಕಾರರೂ ಮಗ್ಗಕ್ಕೆ ಮರಳಿ ಬಂದರು.