ಕಂಬಳಿಯ ಆಚೆಗಿನ ಕಡಗ

ನಮ್ಮ ಬುಡಕಟ್ಟಿನಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ, ನೋಡಿದರೆ ಕಣ್ಣು ಹೋಗುತ್ತದೆ. ನೇರವಾಗಿ ಮಾತಾಡುವಂತೆಯೂ ಇಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷಗಳಿಂದ ನನ್ನ ಅವ್ವ ಯನಿಬಾಗೂ ನನ್ನ ಗಂಡ ಹಾಸ್ಕಿಗೂ ನಡುವೆ ನಾನೇ ಅಂಚೆಯವಳು. ಅವ್ವ ಕಳಿಸುವುದೆಲ್ಲ ಚುಚ್ಚುಮಾತು, ಅವನು ಕಳಿಸುವುದೆಲ್ಲ ಬರೀ ‘ಹೂಂ’. ಇಬ್ಬರ ಮೇಲೂ ನನಗೆ ಸಿಟ್ಟು ಬರುತ್ತಿತ್ತು.

ಆ ಬೆಳಿಗ್ಗೆ ಕುರಿದೊಡ್ಡಿಯಲ್ಲಿ ಹೆಪ್ಪುಗಟ್ಟಿದ್ದ ನೀರಿನ ಮೇಲೆ ಅವ್ವ ಜಾರಿ ಬಿದ್ದಳು. ಎಡಗೈಯ ಮಣಿಕಟ್ಟು ಮುರಿಯಿತು. ನಾನು ಓಡಿಹೋಗುವಷ್ಟರಲ್ಲಿ ಕೈ ಊದಿಕೊಂಡು, ಮೂರು ನೀಲಿ ಕಲ್ಲಿನ ದಪ್ಪ ಬೆಳ್ಳಿ ಕಡಗ ಮಾಂಸದೊಳಗೆ ಹೂತುಹೋಗಿತ್ತು. ಬೆರಳುಗಳು ಆ ಕಲ್ಲುಗಳ ಬಣ್ಣಕ್ಕೇ ತಿರುಗುತ್ತಿದ್ದವು. ಆಸ್ಪತ್ರೆ ನಲವತ್ತು ಮೈಲಿ ದೂರ. ಅಲ್ಲಿಗೆ ಮುಟ್ಟುವವರೆಗೆ ಕೈ ಉಳಿದೀತೆಂಬ ಧೈರ್ಯ ನನಗಿರಲಿಲ್ಲ.

ನನ್ನ ಅಪ್ಪನಂತೆ ಹಾಸ್ಕಿಯೂ ಬೆಳ್ಳಿ ಕೆಲಸದವನು. ಅವ್ವನ ಮನೆಯೊಳಗೆ ಅಡ್ಡಲಾಗಿ ಒಂದು ಕಂಬಳಿ ಕಟ್ಟಿ ಅವನನ್ನು ಕರೆದೆ. ಕಂಬಳಿಯ ಅಂಚಿನಿಂದ ಅವ್ವನ ಕೈಯಷ್ಟೇ ಈಚೆ ಬಂತು.

“ಅದೇನು ಸದ್ದು?” ಅವ್ವ ಕೇಳಿದಳು.

“ಗರಗಸಕ್ಕೆ ಮೇಣ ಹಚ್ತಿದಾನೆ ಅವ್ವ.”

ಕೈ ಸರಕ್ಕನೆ ಒಳಗೆ ಹೋಯಿತು. “ಕಡಗದ ಬಾಯಿ ಅಗಲಿಸಿ ತೆಗೀತಾನೆ ಅಂದ್ಕೊಂಡಿದ್ದೆ. ಗರಗಸ ಮುಟ್ಟಿಸೋಕೆ ಬಿಡಲ್ಲ ಅಂತ ಹೇಳು.”

“ಮುರಿದ ಮೂಳೆ ಮೇಲೆ ಅಗಲಿಸೋಕಾಗಲ್ಲ. ಕೈ ಹೋಗುತ್ತೆ ಕಣವ್ವ.”

“ಹೋಗ್ಲಿ. ಇದು ನಿಮ್ಮಪ್ಪನ ಕಡಗ. ಇಂಥದ್ದೊಂದು ಮಾಡೋಕೆ ನಿನ್ನ ಗಂಡನಿಗೆ ಆಯಸ್ಸಿಡೀ ಸಾಲದು.”

ಹನ್ನೊಂದು ವರ್ಷದಿಂದ, ಅಪ್ಪ ಹೋದಾಗಿನಿಂದ, ಇದೇ ಮಾತು. ಹಾಸ್ಕಿ ಎಷ್ಟು ಚೆಂದದ ಹಾರ ಮಾಡಿದರೂ ಅವ್ವ ಕೈ ಎತ್ತಿ ಕಡಗ ಕುಣಿಸಿ, “ಇದನ್ನ ನೋಡಿ ಕಲೀಲಿ” ಎಂದು ಹೇಳಿ ಕಳಿಸುತ್ತಿದ್ದಳು.

ಹಾಸ್ಕಿ ನನ್ನನ್ನು ಬಾಗಿಲ ಹೊರಗೆ ಎಳೆದುಕೊಂಡು ಹೋದ. ಅವನ ಮುಖ ಬಿಳಿಚಿಕೊಂಡಿತ್ತು.

“ಆ ಕಡಗ ನಾನೇ ಮಾಡಿದ್ದು,” ಎಂದ. “ಕೊನೇ ಚಳಿಗಾಲ ಮಾವಂಗೆ ಕಣ್ಣು ಪೂರ್ತಿ ಹೋಗಿತ್ತಲ್ಲ. ಅವರ ಉಳಿಗಳನ್ನೇ ತಂದುಕೊಟ್ಟು, ‘ಅವಳಿಗೊಂದು ಕಡಗ ಮಾಡಿಕೊಡು, ನಾನು ಮಾಡಿದ್ದು ಅಂತ ಕೊಡ್ತೀನಿ’ ಅಂದ್ರು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಈಗ ಹೇಳಿದ್ರೆ ಅವರು ಕೊಟ್ಟದ್ದನ್ನ ನಾನೇ ಕಿತ್ಕೊಂಡ ಹಾಗೆ. ಹೇಳ್ದೆ ಇದ್ರೆ ಕೈ ಹೋಗುತ್ತೆ.”

ನನಗೆ ಅಳು ಬಂತು. ತನ್ನ ಕೆಲಸವನ್ನೇ ತನಗೆ ತೋರಿಸಿ ಹಂಗಿಸುತ್ತಿದ್ದರೂ ಈ ಮನುಷ್ಯ ‘ಹೂಂ’ ಎಂದುಕೊಂಡು ಕೂತಿದ್ದನಲ್ಲ.

“ಹೇಳು,” ಎಂದ ಕೊನೆಗೆ. “ನಾನು ಮಾಡಿದ್ದು, ಕತ್ತರಿಸಿದ್ರೆ ಗೆರೆ ಕಾಣದ ಹಾಗೆ ಬೆಸೆದುಕೊಡ್ತೀನಿ ಅಂತ ಹೇಳು.”

ಒಳಗೆ ಹೋಗಿ ಹೇಳಿದೆ. ಅಂಥ ಭಾರದ ಅಂಚೆಯನ್ನು ನಾನು ಹಿಂದೆಂದೂ ಹೊತ್ತಿರಲಿಲ್ಲ.

“ಅದು ನಂಗೆ ಮೊದಲ ದಿನಾನೇ ಗೊತ್ತು ಅಂತ ಹೇಳು,” ಎಂದಳು ಅವ್ವ. “ಅನ್ನದ ತಟ್ಟೆ ಕಾಣದವರು ಬೆಳ್ಳಿ ಮೇಲೆ ಕೂದಲೆಳೆ ಗೆರೆ ಕೊರೀತಾರಾ? ಒಂದು ಸಲನಾದ್ರೂ ಬಾಯಿ ಬಿಡ್ತಾನೇನೋ ಅಂತ ಕೆಣಕ್ತಾನೇ ಇದ್ದೆ. ಬಿಡ್ಲಿಲ್ಲ, ಮಹಾ ಗಟ್ಟಿಗ.”

“ಗೊತ್ತಿದ್ದೂ ಯಾಕವ್ವ ಇಷ್ಟು ಹಟ?”

“ಮಾಡಿದ್ದು ಯಾರಾದ್ರೇನು. ತೊಡಿಸಿದ್ದು ಅವರು. ಭುಜ ತಡವಿ, ಮೊಣಕೈ ತಡವಿ, ಕೈ ಹುಡುಕಿ ತೊಡಿಸಿದ್ರು. ಅವತ್ತಿಂದ ಬಿಚ್ಚಿಲ್ಲ. ಬಿಚ್ಚಿದ್ರೆ ಮತ್ತೆ ಹಾಗೆ ಯಾರು ತೊಡಿಸ್ತಾರೆ?”

ಹಾಸ್ಕಿ ಒಳಗೆ ಬಂದು ಗರಗಸ ಹಿಡಿದು ತಲೆ ತಗ್ಗಿಸಿ ಕೂತಿದ್ದ. ಊದಿದ ಕೈ ಮೆಲ್ಲಗೆ ಕಂಬಳಿಯ ಈಚೆ ಬಂದು ಅವನ ಮೊಣಕಾಲ ಮೇಲೆ ಕೂತಿತು.

“ಕತ್ತರಿಸಲಿ,” ಎಂದಳು ಅವ್ವ. “ಬೆಸೆದಾದ ಮೇಲೆ ಅವನೇ ತೊಡಿಸಬೇಕು ಅಂತ ಹೇಳು. ಹೇಗೂ ಅವನಿಗೂ ನಾನು ಕಾಣಲ್ಲ, ತಡವಿ ಹುಡುಕಲಿ.”