ಸೋಮವಾರ ಹೂಡದ ಕಂಪ್ಯೂಟರ್

ನನ್ನ ಮಾವ ರಾಚಪ್ಪನವರು ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ಆರಿಹೋದರೂ ಅಷ್ಟೇ, ಗೊಳಸಂಗಿಯ ನಮ್ಮ ಹೊಲದಲ್ಲಿ ಅಂದು ಎತ್ತುಗಳು ಮೇವು ತಿಂದು ಮಲಗಿರುತ್ತವೆ. ಇದಕ್ಕೆ ನನ್ನ ತಕರಾರು ಯಾವತ್ತೂ ಇರಲಿಲ್ಲ. ತಕರಾರು ಹುಟ್ಟಿದ್ದು ಅವರು ಇದೇ ನಿಯಮವನ್ನು ನನ್ನ ಕಂಪ್ಯೂಟರಿಗೂ ಹಚ್ಚಿದಾಗ.

೨೦೦೫ರ ಮಾತು. ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಟೈಪಿಂಗ್ ಮತ್ತು ಪ್ರಿಂಟಿನ ಅಂಗಡಿ ಇಟ್ಟಿದ್ದೆ. ಗಂಡ ಝಳಕಿಯಲ್ಲಿ ಮಾಸ್ತರ, ಶನಿವಾರಕ್ಕೊಮ್ಮೆ ಬರುವವರು. ಅಂಗಡಿ ನಡೆಯದಿದ್ದರೆ ಕಂಪ್ಯೂಟರ್ ಮಾರಿ ಒಲೆಯ ಮುಂದೆ ಕೂರಬೇಕೆಂಬುದು ಮಾವನವರ ಕರಾರು. ನಡೆಸಿಯೇ ತೋರಿಸುತ್ತೇನೆಂಬುದು ನನ್ನ ಹಟ. ಕಚೇರಿಗಳಿಗೆ ಅರ್ಜಿ ಕೊಡುವವರು ಹೆಚ್ಚಾಗಿ ಬರುತ್ತಿದ್ದುದು ಸೋಮವಾರವೇ.

ಒಮ್ಮೆ ಕಂಪ್ಯೂಟರ್ ತೀರ ನಿಧಾನವಾಯಿತು. ಸಿಂದಗಿಯ ಮೆಕ್ಯಾನಿಕ್ ಶಹಾಬುದ್ದೀನ ಫೋನಿನಲ್ಲಿ, "ಸರ್ವೀಸಸ್ ಅಂತ ಐತಿ ನೋಡ್ರಿ ಅಕ್ಕಾರ, ಬ್ಯಾಡಾದವು ಬಂದ್ ಮಾಡ್ರಿ," ಎಂದ. ತೆರೆದೆ. ಉದ್ದನೆಯ ಪಟ್ಟಿ ಬಂತು. ಎಲೆಅಡಿಕೆ ಜಗಿಯುತ್ತ ಹಿಂದೆ ಕೂತಿದ್ದ ಮಾವನವರು ಕೇಳಿದರು:

"ಇವೆಲ್ಲಾ ಏನು?"

"ಕಾಣದಂಗ ಹಿಂದ ಕೆಲಸ ಮಾಡೂವ್ರಿ. ಒಂದು ಪ್ರಿಂಟ್ ನೋಡ್ಕೋತೈತಿ, ಒಂದು ಆವಾಜ್ ನೋಡ್ಕೋತೈತಿ. ಆಟೋಮೆಟಿಕ್ ಅಂದ್ರ ಮಷೀನ್ ಚಾಲೂ ಆದ ಕೂಡ್ಲೆ ತಾವ ಏಳ್ತಾವು. ಮ್ಯಾನುವಲ್ ಅಂದ್ರ ಕರದಾಗ ಏಳ್ತಾವು. ಡಿಸೇಬಲ್ಡ್ ಅಂದ್ರ ಕರದ್ರೂ ಏಳೂದಿಲ್ಲ."

"ರಜಾ ಯಾವಾಗ?"

"ರಜಾ ಇಲ್ರಿ."

ಮಾವನವರು ಹೊರಗೆ ಹೋಗಿ ಎಲೆ ಉಗುಳಿ ಬಂದರು. "ಸೋಮವಾರ ಇವನ್ನ ಬಿಟ್ಟುಬಿಡು," ಎಂದರು.

ಆ ಸೋಮವಾರ ಅವರು ಪಕ್ಕದಲ್ಲೇ ಕೂತು ಒಂದೊಂದನ್ನೇ ನನ್ನ ಕೈಯಿಂದ ಬಂದ್ ಮಾಡಿಸಿದರು. ಆವಾಜು ಹೋಯಿತು. ಪರದೆಯ ನೀಲಿ ಹೋಗಿ ಬೂದು ಬಂತು. ಪ್ರಿಂಟ್ ನೋಡಿಕೊಳ್ಳುವ ಸ್ಪೂಲರ್ ನಿಂತಿತು. ಕೆಲವಕ್ಕೆ ಸ್ಟಾಪ್ ಗುಂಡಿ ಒತ್ತಲು ಬರುವುದೇ ಇಲ್ಲ. ಅವುಗಳನ್ನು ಕಂಡು ಮಾವನವರು ನಿಜವಾಗಿ ಮರುಗಿದರು. ಮಂಗಳವಾರ ಕಂಪ್ಯೂಟರ್ ಚಾಲೂ ಮಾಡಿದರೆ ಎಲ್ಲವೂ ತಾವಾಗಿಯೇ ಎದ್ದವು. "ನೋಡು, ದಣಿವು ಹೋಗೇತಿ," ಎಂದರು.

ಅರ್ಜಿ ತಂದವರು ಮಾತ್ರ ಪ್ರಿಂಟ್ ಇಲ್ಲವೆಂದು ಬಸ್ ಸ್ಟ್ಯಾಂಡಿನ ಗುರಣ್ಣನ ಅಂಗಡಿಗೆ ಹೋಗಿದ್ದರು. ಎರಡನೆಯ ಸೋಮವಾರ ನನ್ನ ಬಾಗಿಲ ಕಡೆ ನೋಡದೆ ನೇರ ಅಲ್ಲಿಗೇ ನಡೆದರು. ಎತ್ತುಗಳ ಮೇಲೆ ನನಗೆ ಸಿಟ್ಟು ಬಂದದ್ದು ಅದೇ ಮೊದಲು.

ಅತ್ತೆ ಸಿದ್ದಲಿಂಗವ್ವ ಜೋಳ ಹಸನು ಮಾಡುತ್ತ ಇದನ್ನೆಲ್ಲ ನೋಡುತ್ತಿದ್ದರು. ಆ ಸಂಜೆ ಮೊರ ಹಿಡಿದುಕೊಂಡೇ ಬಂದು ಪಟ್ಟಿ ತೋರಿಸು ಎಂದರು. ಮೂರು ಬಗೆಯನ್ನೂ ಬಿಡಿಸಿ ಹೇಳಿದೆ.

"ನಾ ಯಾವುದರಾಗ ಬರ್ತೇನಿ?"

"ಆಟೋಮೆಟಿಕ್ ರೀ."

ಅವರು ನಗಲಿಲ್ಲ. ನನಗೆ ನಾಚಿಕೆಯಾಯಿತು.

ಮೂರನೆಯ ಸೋಮವಾರ ಒಲೆ ಹೊತ್ತಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನೂ ಅಡುಗೆಮನೆಗೆ ಕಾಲಿಡಬಾರದೆಂದು ಅಪ್ಪಣೆಯಾಗಿತ್ತು.

"ರೊಟ್ಟಿ?" ಎಂದರು ಮಾವನವರು.

"ಇವತ್ತ ಸೋಮವಾರ."

"ಅದು ಎತ್ತಿಗೆ."

"ಕಂಪ್ಯೂಟರಿಗೂ ಐತೆಲ್ಲ. ಮದಿವ್ಯಾಗಿ ಬಂದಾಗಿಂದ ನನ್ನ ಹೆಗಲ ಮ್ಯಾಲಿನ ನೊಗ ಯಾರರೆ ಒಂದಿನ ಇಳಿಸೀರೇನು?"

ಮಾವನವರು ನನ್ನ ಕಡೆ ನೋಡಿದರು. ನಾನು ಬೂದು ಪರದೆಯ ಕಡೆ ನೋಡಿದೆ.

ಮಧ್ಯಾಹ್ನ ಅವರು ಹಸಿದು ಅಂಗಡಿಗೆ ಬಂದರು. "ಆ ಪ್ರಿಂಟಿಂದು ಎಬ್ಬಸು. ಅದಕ್ಕೇನು ಜೀವ ಐತಿ?"

"ಇನ್ನ ಮ್ಯಾಲೆ ಸೋಮವಾರನೂ ನಡೀಲೇನ್ರಿ?"

"ನಡೀಲಿ."

ಸ್ಟಾರ್ಟ್ ಒತ್ತಿದೆ. ಪ್ರಿಂಟರ್ ಗುರುಗುಟ್ಟಿ ಒಂದು ಹಾಳೆ ಹೊರಹಾಕಿತು. ಬಹಳ ಸಂತೋಷವಾಯಿತು, ತೋರಿಸಿಕೊಳ್ಳಲಿಲ್ಲ. ಮಾವನವರು ಹಾಳೆಯನ್ನು ನೋಡದೆ ಕಟ್ಟೆಯ ಕಡೆ ನೋಡುತ್ತ ನಿಂತರು.

"ಈಗ ನಿಮ್ಮತ್ತಿ ಏಳ್ತಾಳೇನು?"

"ಡಿಸೇಬಲ್ಡ್ ಆಗ್ಯಾರ್ರಿ."

ಆ ಮಾತಿನ ಅರ್ಥ ಅವರಿಗೆ ಗೊತ್ತಿತ್ತು. ಅಡುಗೆಮನೆಗೆ ಹೋದರು. ಹಿಟ್ಟಿನ ಡಬ್ಬಿಯ ಮುಚ್ಚಳ ಬಿದ್ದ ಸದ್ದಾಯಿತು.

"ಮೊದಲ ನೀರ ಕಾಯಾಕಿಡ್ರಿ," ಎಂದರು ಅತ್ತೆ ಕಟ್ಟೆಯಿಂದಲೇ. ಎದ್ದು ಮಾತ್ರ ಬರಲಿಲ್ಲ.